ಕೂಲರ್ ಹುಲ್ಲು: ತಂಪಿಗಷ್ಟೇ ಅಲ್ಲ, ಉಸಿರಿಗೂ

ಶರಣಬಸವೇಶ್ವರರ ಜಾತ್ರೆ ಬಂತೆಂದರೆ ಕಲಬುರಗಿಯಲ್ಲಿ ಬೇಸಿಗೆ ಕಾಲೂರಿತೆಂದೇ ಲೆಕ್ಕ. ಅಂಗಡಿಗಳ ಮುಂದೆ ಕೂಲರ್ ಹುಲ್ಲಿನ ಪ್ಯಾಡ್‌ಗಳ ರಾಶಿ ಬೀಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಊರಿನಲ್ಲಿ ಎಷ್ಟೋ ಮನೆಗಳವರು ಹಗಲು ರಾತ್ರಿ ಉಸಿರಾಡುವುದು ಆ ಒದ್ದೆ ಹುಲ್ಲನ್ನು ಹಾದು ಬಂದ ಗಾಳಿಯನ್ನೇ. ಆದರೂ ಪ್ಯಾಡ್ ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳು ಎರಡೇ: ಯಾವ ಸೈಜು, ಎಷ್ಟು ರೇಟು. ನಮ್ಮ ಪದ್ಧತಿಯ ಮುಖ್ಯ ಕೊರತೆ ಇದು. ಪ್ಯಾಡನ್ನು ತಂಪಿನ ಸಾಮಾನೆಂದು ನೋಡುತ್ತೇವೆ, ಮನೆಯೊಳಗಿನ ಗಾಳಿ ಹೇಗಿರಬೇಕೆಂದು ತೀರ್ಮಾನಿಸುವ ವಸ್ತುವೆಂದು ನೋಡುವುದಿಲ್ಲ.

ಹೋಲಿಕೆಗೆ ನೋಡಿ: ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮನೆ ಬಿಸಿ ಮಾಡುವ ಫರ್ನೇಸ್‌ಗೆ ಫಿಲ್ಟರ್ ಕೊಳ್ಳುತ್ತವೆ. ಅದು ಎಷ್ಟು ಸಣ್ಣ ಧೂಳು ಹಿಡಿಯುತ್ತದೆಂದು ಹೇಳುವ ‘ಮೆರ್ವ್’ ದರ್ಜೆ ಅದರ ಮೇಲೆಯೇ ಇರುತ್ತದೆ; ಒಂದಿಂಚಿನ ಫಿಲ್ಟರನ್ನು ಒಂದರಿಂದ ಮೂರು ತಿಂಗಳೊಳಗೆ ಬದಲಿಸುವುದು ಅಲ್ಲಿನ ರೂಢಿ. ನಮ್ಮಲ್ಲಿ ಕೂಲರ್‌ಗೆ ಐಎಸ್ 3315 ಎಂಬ ಮಾನಕವಿದೆ. ಆದರೆ ಬಿಡಿಯಾಗಿ ಮಾರುವ ಹುಲ್ಲಿನ ಪ್ಯಾಡಿನ ಮೇಲೆ ತೂಕ, ದಪ್ಪ, ಯಾವ ಕಟ್ಟಿಗೆಯದು ಎಂಬ ಯಾವ ಮಾತೂ ಇರುವುದಿಲ್ಲ. ಕೈಯಲ್ಲಿ ಒತ್ತಿ ನೋಡಿ ಕೊಳ್ಳಬೇಕು.

ನಾವು ಹುಲ್ಲು ಎನ್ನುವುದು ನಿಜಕ್ಕೂ ಕಟ್ಟಿಗೆಯಿಂದ ಹೆರೆದ ತೆಳು ಎಳೆ. ಅದರ ಗುಣ ದೊಡ್ಡದು: ಅಗ್ಗ, ನೀರು ಚೆನ್ನಾಗಿ ಹೀರುತ್ತದೆ, ಯಾವ ಚೌಕಟ್ಟಿಗೂ ಹೊಂದುತ್ತದೆ. ದೋಷವೂ ಅಷ್ಟೇ ಸ್ಪಷ್ಟ. ಕೆಲವು ವಾರಗಳಲ್ಲಿ ನೆನೆದು ಭಾರವಾಗಿ ಕೆಳಕ್ಕೆ ಜಗ್ಗುತ್ತದೆ, ಜಾಳಿಗೆಯ ಮೇಲಂಚಿನಲ್ಲಿ ನಾಲ್ಕು ಬೆರಳಗಲ ಸಂದು ಬೀಳುತ್ತದೆ. ಗಾಳಿ ಸುಲಭದ ದಾರಿ ಹಿಡಿದು ಆ ಸಂದಿನಿಂದಲೇ ಬಿಸಿಯಾಗಿ, ಧೂಳು ಸಮೇತ ಒಳಗೆ ನುಗ್ಗುತ್ತದೆ. ಇದಕ್ಕೆ ಹೆದರಿ ಹುಲ್ಲನ್ನು ಗಟ್ಟಿಯಾಗಿ ತುರುಕುವವರಿದ್ದಾರೆ. ಅದೂ ತಪ್ಪು, ಗಾಳಿಯೇ ಕಡಿಮೆಯಾದರೆ ತಂಪು ಎಲ್ಲಿಂದ ಬರಬೇಕು?

ಲಾವಂಚದ ಪ್ಯಾಡಿಗೆ ಪರಿಮಳದ ಮರ್ಯಾದೆಯಿದೆ. ಆದರೆ ಪರಿಮಳ ಸ್ವಚ್ಛತೆಗೆ ಸಾಕ್ಷಿಯಲ್ಲ. ಕೆಲವು ದಿನಗಳಲ್ಲಿ ಅದು ಆರಿಹೋಗುತ್ತದೆ, ಬೇರಿನ ಸಂದಿನಲ್ಲಿ ಕೂತ ಪಾಚಿ ಉಳಿಯುತ್ತದೆ.

ಈಗ ಎಲ್ಲರ ಬಾಯಲ್ಲಿರುವುದು ಹನಿಕೋಂಬ್. ಗಟ್ಟಿ ಕಾಗದಕ್ಕೆ ರಾಳ ಕುಡಿಸಿ, ಅಲೆಅಲೆಯಾಗಿ ಮಡಚಿ ಅಂಟಿಸಿದ ದಪ್ಪ ಪ್ಯಾಡ್ ಅದು. ನೀರು ಎಲ್ಲ ಕಡೆ ಸಮನಾಗಿ ಇಳಿಯುತ್ತದೆ, ಜಗ್ಗುವುದಿಲ್ಲ, ಚೆನ್ನಾಗಿ ನೋಡಿಕೊಂಡರೆ ಕೆಲವು ವರ್ಷ ಬಾಳುತ್ತದೆ. ಕೂಡಿಸುವಾಗ ಒಂದನ್ನು ಗಮನಿಸಬೇಕು. ಎರಡು ಬಗೆಯ ಓರೆ ಕೊಳವೆಗಳಿರುವ ಪ್ಯಾಡಿನಲ್ಲಿ ಹೆಚ್ಚು ಕಡಿದಾದವು ಗಾಳಿ ಒಳಬರುವ ಕಡೆಗೆ, ಅಂದರೆ ಹೊರಮುಖಕ್ಕೆ, ಇಳಿಜಾರಾಗಿರಬೇಕು. ತಿರುವಿ ಹಾಕಿದರೆ ನೀರಿನ ಹನಿ ಕೋಣೆಯೊಳಗೆ ಸಿಡಿಯುತ್ತದೆ. ವಸ್ತುವಾಗಿ ಇದು ಉತ್ತಮವೆಂಬುದರಲ್ಲಿ ಅನುಮಾನವಿಲ್ಲ. ಆದರೆ ‘ವರ್ಷಗಟ್ಟಲೆ ನೋಡಬೇಕಾಗಿಲ್ಲ’ ಎಂದು ಮಾರುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೊಳವೆಗಳಲ್ಲಿ ಉಪ್ಪು ಕಟ್ಟಿ, ಪಾಚಿ ಹಿಡಿದ ಹನಿಕೋಂಬ್‌ಗಿಂತ ಈ ಸಲ ಹೊಸದಾಗಿ ತುಂಬಿದ ಹುಲ್ಲು ಎಷ್ಟೋ ಮೇಲು.

ಆಯ್ಕೆಯ ನಿಜವಾದ ಅಳತೆಗೋಲು ನೀರು. ಕೂಲರ್‌ನಲ್ಲಿ ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದ ಸುಣ್ಣ, ಉಪ್ಪು ಟ್ಯಾಂಕಿಯಲ್ಲೇ ಉಳಿದು ದಿನದಿಂದ ದಿನಕ್ಕೆ ದಟ್ಟವಾಗುತ್ತವೆ. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಪ್ಯಾಡಿನ ಮೇಲೆ ಬಿಳಿ ಹೊಪ್ಪಳೆ ಏಳುವುದು ಇದರಿಂದಲೇ. ಮೇಲೆ ಮೇಲೆ ನೀರು ತುಂಬಿಸುತ್ತ ಹೋದರೆ ಯಾವ ಪ್ಯಾಡೂ ಉಳಿಯದು. ಹಳೆ ನೀರನ್ನು ಪೂರ್ತಿ ಚೆಲ್ಲಬೇಕು. ಉಪ್ಪುನೀರು ಬಾಳೆಗೆ ಆಗದೆಂದು ನಮ್ಮ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ; ಅದೇ ಎಚ್ಚರ ಕೂಲರ್ ಟ್ಯಾಂಕಿಗೂ ಬೇಕು. ಕಮಲಾಪುರದಂಥ ಊರಿನಲ್ಲಿ ತಗಡಿನ ಕೂಲರ್‌ನ ಚೌಕಟ್ಟು ಒಂದೊಂದೂ ಒಂದೊಂದು ಅಳತೆಯದು. ಅದಕ್ಕೆ ಸರಿಹೊಂದದ ಹನಿಕೋಂಬ್ ತಂದು ಅಂಚಿನಲ್ಲಿ ಸಂದು ಬಿಡುವುದಕ್ಕಿಂತ, ಗಡಸು ನೀರಿದ್ದಲ್ಲಿ ಹುಲ್ಲನ್ನೇ ಹಾಕಿ ಬೇಸಿಗೆ ನಡುವೆ ಇನ್ನೊಮ್ಮೆ ಬದಲಿಸುವುದು ಜಾಣತನ.

ವಾರಕ್ಕೊಮ್ಮೆ ಟ್ಯಾಂಕಿ ಬರಿದು ಮಾಡಿ, ತಿಕ್ಕಿ ಒಣಗಿಸುವುದು ಡೆಂಗಿಯ ದೃಷ್ಟಿಯಿಂದಲೂ ಅಗತ್ಯ. ಈಡಿಸ್ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಸುಮಾರು ಏಳರಿಂದ ಹತ್ತು ದಿನ ಸಾಕು. ಪಂಪ್ ನಿಲ್ಲಿಸಿ ಫ್ಯಾನ್ ಮಾತ್ರ ಸ್ವಲ್ಪ ಹೊತ್ತು ಓಡಿಸಿದರೆ ಪ್ಯಾಡ್ ಒಣಗುತ್ತದೆ, ಪಾಚಿಗೆ ನೆಲೆ ತಪ್ಪುತ್ತದೆ.

ಒಂದು ಭ್ರಮೆಯನ್ನೂ ಬಿಡಬೇಕು. ಒದ್ದೆ ಪ್ಯಾಡ್ ರಸ್ತೆಯ ದಪ್ಪ ಧೂಳು, ಬೇಳೆ ಮಿಲ್ಲಿನ ಹೊಟ್ಟು ಹಿಡಿದೀತು. ಕಣ್ಣಿಗೆ ಕಾಣದ ಹೊಗೆಯ ಕಣಗಳನ್ನು ನಂಬುವಷ್ಟರ ಮಟ್ಟಿಗೆ ಹಿಡಿಯಲಾರದು. ಆಸ್ತಮಾ ಇರುವವರ ಮನೆಯಲ್ಲಿ ಕೂಲರನ್ನೇ ಏರ್ ಪ್ಯೂರಿಫೈಯರ್ ಎಂದು ತಿಳಿಯಬಾರದು.

ಹಾಗಾದರೆ ಯಾವುದು ಒಳ್ಳೆಯದು? ಸಿಹಿನೀರು, ಕಂಪನಿ ಕೂಲರ್, ತೊಳೆಯುವ ಶಿಸ್ತು ಮೂರೂ ಇದ್ದರೆ ಹನಿಕೋಂಬ್. ಇಲ್ಲದಿದ್ದರೆ ಹುಲ್ಲು, ಆದರೆ ಜಗ್ಗಿದಾಗ, ವಾಸನೆ ಬಂದಾಗ, ಬಿಳಿ ಕಟ್ಟಿದಾಗ ಮುಲಾಜಿಲ್ಲದೆ ಬದಲಿಸಬೇಕು; ಜಾತ್ರೆಯಿಂದ ಜಾತ್ರೆಗೆ ಕಾಯಬಾರದು. ಪ್ಯಾಡಿನ ಮೇಲೆ ತೂಕ, ದಪ್ಪ, ವಸ್ತು ಮೂರನ್ನೂ ಬರೆದು ಮಾರುವಂತೆ ಅಂಗಡಿಯವರನ್ನು ಕೇಳುವ ಹಕ್ಕು ನಮಗಿದೆ. ಕೊಳ್ಳುವವರು ಕೇಳತೊಡಗಿದರೆ ಮಾತ್ರ ಮಾರುವವರು ಬರೆಯುತ್ತಾರೆ.