ಅಣ್ಣನ ಗಾಜು, ತಮ್ಮನ ಕಲ್ಲು, ಮೊಮ್ಮಗಳ ಮರ

ತೋಟಕ್ಕೆ ದೊಡ್ಡವರು ಬರುತ್ತಾರೆಂದರೆ ಮಾಲಿಗಳಿಗೆ ವಾರಗಟ್ಟಲೆ ಬಿಡುವಿಲ್ಲ. ಬೇಲಿ ಕತ್ತರಿಸಬೇಕು, ದಾರಿ ಗುಡಿಸಬೇಕು, ಮೊಗ್ಗಿರುವ ಕುಂಡಗಳನ್ನು ಹಿಂದೆ ಸರಿಸಿ ಅರಳಿದ್ದನ್ನು ಮುಂದಿಡಬೇಕು. ಬಂದವರು ಸ್ವಲ್ಪ ಹೊತ್ತು ಇದ್ದು ಹೊರಟುಬಿಡುತ್ತಾರೆ. ಹಾಗಾಗಿ ಇಂಥ ಭೇಟಿಗೆ ಬೆಲೆ ಕಟ್ಟಬೇಕಾದ್ದು ಮೆರವಣಿಗೆಯ ವೈಭವ ನೋಡಿಯಲ್ಲ. ಅತಿಥಿಗಳು ಹೋದ ಮೇಲೆ ನಮ್ಮನಿಮ್ಮಂಥವರಿಗೆ ಏನು ಉಳಿಯಿತು ಎಂಬುದನ್ನು ನೋಡಿ. ಈ ಲೆಕ್ಕ ಹಾಕಲು ಬೆಂಗಳೂರು ಹೇಳಿ ಮಾಡಿಸಿದ ಊರು. ಬ್ರಿಟನ್ನಿನ ಒಂದೇ ಮನೆತನದ ಮೂವರು ಇಲ್ಲಿನ ಎರಡು ಉದ್ಯಾನಗಳಲ್ಲಿ ಮೂರು ಬೇರೆ ಬೇರೆ ಗುರುತು ಬಿಟ್ಟುಹೋಗಿದ್ದಾರೆ.

ಲಾಲ್‌ಬಾಗ್ ಮೊದಲಿಗೆ ಆಳುವವನದೇ ಸ್ವಂತ ತೋಟ. 1760ರಲ್ಲಿ ಹೈದರ್ ಅಲಿ ಅದನ್ನು ಹಾಕಿಸಿದಾಗ ಅರಸರು ಅಲ್ಲಿಗೆ ‘ಭೇಟಿ’ ಕೊಡುವ ಪ್ರಶ್ನೆಯೇ ಇರಲಿಲ್ಲ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿತು. ಎಂಟು ವರ್ಷ ಕಳೆದು, 1889ರ ನವೆಂಬರ್ 30ರಂದು, ವಿಕ್ಟೋರಿಯಾ ರಾಣಿಯ ಮೊಮ್ಮಗ ಪ್ರಿನ್ಸ್ ಆಲ್ಬರ್ಟ್ ವಿಕ್ಟರ್ ಲಾಲ್‌ಬಾಗ್‌ನಲ್ಲಿ ಗಾಜಿನ ಮನೆಗೆ ಅಡಿಗಲ್ಲು ಹಾಕಿದ. ಆಗ ಮೈಸೂರಿನ ಮಹಾರಾಜರು ಚಾಮರಾಜೇಂದ್ರ ಒಡೆಯರು.

ಅಡಿಗಲ್ಲು ರಾಜಕುಮಾರನದು, ಆಲೋಚನೆ ಮಾತ್ರ ಜಾನ್ ಕ್ಯಾಮರಾನ್‌ದು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ 1874ರಲ್ಲಿ ಇಲ್ಲಿನ ಸೂಪರಿಂಟೆಂಡೆಂಟ್ ಆಗಿ ಬಂದವನು ಆತ. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಕಬ್ಬಿಣ ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಎರಕದ ಕಾರ್ಖಾನೆಯದು. ಮುಂದಿನ ಸಲ ಹೋದಾಗ ಹೂವಿನ ಕಡೆಯಿಂದ ಕಣ್ಣು ತೆಗೆದು ಕಂಬಗಳ ನಡುವಿನ ಜಾಗ ನೋಡಿ. ಚಳಿಯ ದೇಶಗಳಲ್ಲಿ ಗಾಜಿನ ಮನೆಯೆಂದರೆ ಬಿಸಿಯನ್ನು ಹಿಡಿದಿಡಲು ನಾಲ್ಕೂ ಕಡೆ ಮುಚ್ಚಿದ ಕೋಣೆ. ಇಲ್ಲಿ ಬದಿಗಳೆಲ್ಲ ತೆರೆದಿವೆ, ಗಾಳಿ ಆಚೆಯಿಂದ ಈಚೆಗೆ ಸಲೀಸಾಗಿ ಹಾಯುತ್ತದೆ. ಬೆಂಗಳೂರಿನ ಗಿಡಕ್ಕೆ ಬೇಕಾದ್ದು ಬಿಸಿಯಲ್ಲ, ಜಡಿಮಳೆ ಮತ್ತು ಉರಿಬಿಸಿಲಿನಿಂದ ಒಂದಿಷ್ಟು ಮರೆ. ಆ ಮರೆ ಗಿಡಗಳಿಗಷ್ಟೇ ಅಲ್ಲ, ಜನರಿಗೂ ಒದಗಿತು. ಫಲಪುಷ್ಪ ಪ್ರದರ್ಶನಗಳು ಅಲ್ಲಿ ನೆಲೆಯೂರಿದವು. 1935ರಲ್ಲಿ ಭದ್ರಾವತಿಯ ಉಕ್ಕು ಬಳಸಿ ಪೂರ್ವಕ್ಕೆ ವಿಸ್ತರಿಸಿದರು. 1969ರ ಜುಲೈನಲ್ಲಿ ಕಾಂಗ್ರೆಸ್ ಒಡಕಿಗೆ ದಾರಿಯಾದ ಎಐಸಿಸಿ ಅಧಿವೇಶನ ನಡೆದದ್ದೂ ಅದೇ ಸೂರಿನಡಿ. ಆಲ್ಬರ್ಟ್ ವಿಕ್ಟರನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಊರು ಕಟ್ಟಡವನ್ನು ಉಳಿಸಿಕೊಂಡು ಹೆಸರನ್ನು ಕೈಬಿಟ್ಟಿತು.

ಆ ರಾಜಕುಮಾರ ಪಟ್ಟವೇರಲಿಲ್ಲ. 1892ರ ಜನವರಿಯಲ್ಲಿ, 28 ತುಂಬಿದ ವಾರದಲ್ಲೇ, ಇನ್‌ಫ್ಲುಯೆಂಜಾ ತಗುಲಿ ತೀರಿಕೊಂಡ. ಅವನಿಗೆ ಬರಬೇಕಿದ್ದ ಪಟ್ಟವೂ ಅವನಿಗೆ ಗೊತ್ತುಮಾಡಿದ್ದ ಕನ್ಯೆ ಮೇರಿಯೂ ತಮ್ಮ ಜಾರ್ಜನ ಪಾಲಾದವು. ಈ ಜಾರ್ಜನೇ ಯುವರಾಜನಾಗಿ ಭಾರತ ಸುತ್ತುತ್ತ 1906ರ ಫೆಬ್ರವರಿ 5ರಂದು ಕಬ್ಬನ್ ಪಾರ್ಕ್ ಅಂಚಿನಲ್ಲಿ ಅಜ್ಜಿಯ ಅಮೃತಶಿಲೆಯ ಪ್ರತಿಮೆಯನ್ನು ಅನಾವರಣ ಮಾಡಿದ. ಶಿಲ್ಪಿ ಥಾಮಸ್ ಬ್ರಾಕ್. ಬಕಿಂಗ್‌ಹ್ಯಾಮ್ ಅರಮನೆಯ ಮುಂದಿನ ವಿಕ್ಟೋರಿಯಾ ಸ್ಮಾರಕವೂ ಆತನದೇ. ಕಸುಬಿನಲ್ಲಿ ಕುಂದು ಹುಡುಕುವಂತಿಲ್ಲ. ಆದರೆ ಒಮ್ಮೆಯೂ ಭಾರತಕ್ಕೆ ಬಾರದ ರಾಣಿಯ ವಿಗ್ರಹದಿಂದ ತೋಟಕ್ಕೆ ಆದ ಲಾಭ ಏನು? ನೆರಳಿಲ್ಲ, ಹಣ್ಣಿಲ್ಲ, ಮಳೆ ಬಂದರೆ ನಿಲ್ಲಲು ಜಾಗವೂ ಇಲ್ಲ.

ಮೂರನೆಯವರು ಆ ಜಾರ್ಜನ ಮೊಮ್ಮಗಳು, ಎರಡನೇ ಎಲಿಜಬೆತ್. 1961ರ ಫೆಬ್ರವರಿಯಲ್ಲಿ ಅವರು ಬೆಂಗಳೂರಿಗೆ ಬಂದಾಗ ಕಾಲ ತಿರುಗಿತ್ತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು ಜಯಚಾಮರಾಜ ಒಡೆಯರು, ಅಂದರೆ 1889ರ ಮಹಾರಾಜರ ಮೊಮ್ಮಗ. ಅಲ್ಲಿ ಅಣ್ಣ ಬದುಕಿ ಅವನ ವಂಶ ಬೆಳೆದಿದ್ದರೆ ಎಲಿಜಬೆತ್ ರಾಣಿಯಾಗುತ್ತಿರಲಿಲ್ಲ. ಇಲ್ಲಿ ಅರಸೊತ್ತಿಗೆ ಹೋಗದಿದ್ದರೆ ಒಡೆಯರು ರಾಜ್ಯಪಾಲರಾಗುತ್ತಿರಲಿಲ್ಲ. ಡಾ. ಎಂ.ಎಚ್. ಮರಿಗೌಡರ ಉಸ್ತುವಾರಿಯಲ್ಲಿದ್ದ ಲಾಲ್‌ಬಾಗ್‌ನಲ್ಲಿ ರಾಣಿ ಒಂದು ಅರಾಕೇರಿಯಾ ಸಸಿ ನೆಟ್ಟರು. ಕ್ರಿಸ್‌ಮಸ್ ಮರವೆಂದು ಎಲ್ಲರೂ ಹೇಳುವುದು ಇದನ್ನೇ.

ಮರ ನೋಡುವವರು ಇದರ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಕು. ಇದರ ತವರು ಪೆಸಿಫಿಕ್‌ನ ನ್ಯೂ ಕ್ಯಾಲೆಡೋನಿಯಾ. ಗಿಡ್ಡ ಕೊಂಬೆಗಳು ಕಾಂಡದ ಸುತ್ತ ಸುತ್ತುಸುತ್ತಾಗಿ ಹೊರಟು ಮರ ಕಂಬವಾಗಿ ಮೇಲೇರುತ್ತದೆ. ಬಿದ್ದ ಟಿಸಿಲೊಂದನ್ನು ಬೆರಳಲ್ಲಿ ತಿರುವಿ ನೋಡಿ. ಎಲೆಗಳು ಒಂದರ ಮೇಲೊಂದು ಬಿಗಿಯಾಗಿ ಕೂತು, ಹಗ್ಗ ಹೊಸೆದ ಹಾಗಿರುತ್ತದೆ. ಇನ್ನೊಂದು ವಿಶೇಷ: ಈ ಜಾತಿಯ ಮರಗಳು ಸಾಮಾನ್ಯವಾಗಿ ಸಮಭಾಜಕದ ಕಡೆಗೆ ವಾಲುತ್ತವೆ ಎಂದು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಭೂಮಿಯ ಉತ್ತರಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧದಲ್ಲಿ ಉತ್ತರಕ್ಕೆ. ಊರಲ್ಲಿ ಎಲ್ಲೇ ಅರಾಕೇರಿಯಾ ಕಂಡರೂ ಸ್ವಲ್ಪ ದೂರ ಸರಿದು, ತಲೆ ಯಾವ ಕಡೆಗೆ ವಾಲಿದೆ ಎಂದು ಅಂದಾಜು ಮಾಡಿ ನೋಡಿ.

ನನ್ನ ಲೆಕ್ಕದಲ್ಲಿ ಅಣ್ಣನ ಗಾಜಿನ ಮನೆಗೆ ಮೊದಲ ಸ್ಥಾನ, ಮೊಮ್ಮಗಳ ಮರಕ್ಕೆ ಎರಡನೆಯದು, ತಮ್ಮನ ಪ್ರತಿಮೆಗೆ ಕೊನೆಯದು. ಗಣ್ಯರು ಹಾಕುವುದು ಎರಡು ಹಿಡಿ ಮಣ್ಣು. ಆಮೇಲಿನ ನೀರು, ಗೊಬ್ಬರ, ಕಳೆ ಎಲ್ಲ ಮಾಲಿಗಳದೇ. ಅತಿಥಿ ಬರುವ ಮೊದಲೇ ತೋಟಕ್ಕೆ ಏನು ಬೇಕೆಂದು ಗೊತ್ತಿದ್ದ ಕ್ಯಾಮರಾನ್‌ನಂಥವರು ಇದ್ದರೆ ಮಾತ್ರ ಭೇಟಿಗೆ ಬೆಲೆ. ಈಗಲೂ ದೊಡ್ಡವರು ಬರುತ್ತಾರೆಂದು ಸುದ್ದಿ ಬಂದಾಗ ಅಧಿಕಾರಿಗಳು ಸಸಿ ಆರಿಸುವ ಮುನ್ನ, ಹಣವಿಲ್ಲದೆ ನಿಂತುಹೋದ ಕೆಲಸಗಳ ಕಡತವನ್ನೊಮ್ಮೆ ಬಿಚ್ಚಿ ನೋಡಲಿ. ಫೋಟೋಕ್ಕೆ ಸಸಿ ಯಾವಾಗ ಬೇಕಾದರೂ ಸಿಕ್ಕೀತು.