ಮೀಟರ್ ಮೇಲೆ ಒಂದೂವರೆ

ಬ್ರೂಸ್ ಲೀ ಮಣಿ ಎಂಬ ಹೆಸರು ಮೊದಲ ಸಲ ಕೇಳಿದವರು ನಗ್ತಾರೆ. ನಗಲಿ, ಅಡ್ಡಿ ಇಲ್ಲ. ಬ್ಯಾಂಡಿನ ಹೆಸರು ಇನ್ನೂ ತಮಾಷೆಯದ್ದು: ಥರ್ಮಲ್ ಅಂಡ್ ಎ ಕ್ವಾರ್ಟರ್. ಬೇಗ ಬೇಗ ಹೇಳಿ ನೋಡಿ, 'ಥ್ರೀ ಮಲ್ ಅಂಡ್ ಎ ಕ್ವಾರ್ಟರ್' ಅಂತ ಕೇಳಿಸ್ತದೆ. ಶುರುವಿನಲ್ಲಿ ಮೂವರು ಮಲಯಾಳಿಗಳು, ಇನ್ನೊಬ್ಬ ಕಾಲು ಪಾಲು ಮಲಯಾಳಿ, ಅದಕ್ಕೇ ಆ ಹೆಸರು. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ ಈ ತಂಡದಲ್ಲಿ ಹಾಡುವುದೂ ಗಿಟಾರ್ ಹಿಡಿಯುವುದೂ ಮಣಿಯೇ. ಡ್ರಮ್ಸ್ ರಾಜೀವ್ ರಾಜಗೋಪಾಲ್ ಅವರದು. ಬೇಸ್ ಹಿಡಿದವರು ಬದಲಾಗಿದ್ದಾರೆ, ಈ ಇಬ್ಬರು ಬದಲಾಗಲಿಲ್ಲ.

ಕನ್ನಡದಲ್ಲಿ ಇವರ ಬಗ್ಗೆ ಯಾರೂ ಯಾಕೆ ಸರಿಯಾಗಿ ಬರೆಯಲಿಲ್ಲ ಎಂಬುದು ನನ್ನ ಹಳೆಯ ತಕರಾರು. ಬೆಂಗಳೂರಿನ ರಾಕ್ ಅಂದ ಕೂಡಲೇ ನಮ್ಮ ಬರಹಗಾರರು 'ಅದು ಬ್ರಿಗೇಡ್ ರೋಡಿನ ಇಂಗ್ಲಿಷ್ ಹುಡುಗರ ಕತೆ' ಅಂತ ಬಾಗಿಲು ಹಾಕಿಬಿಡ್ತಾರೆ. ಆ ಹುಡುಗರೂ ಈ ಕಡೆ ತಿರುಗಿ ನೋಡಿದ್ದು ಕಡಿಮೆ. ನಡುವೆ ಒಂದು ಇಡೀ ಸಂಗೀತ ವಿಮರ್ಶೆ ಇಲ್ಲದೆ ಮೂವತ್ತು ವರ್ಷದ ಹತ್ತಿರ ಕಳೆಯಿತು.

ಗಿಟಾರು ನಮಗೆ ಪರಕೀಯ ಅಂತ ಹೇಳುವವರು ಸಂತೆಕಟ್ಟೆಗೆ ಬರಬೇಕು. ಇಲ್ಲಿ ಮೌಂಟ್ ರೋಜರಿ ಚರ್ಚ್ ಉಂಟು, ಒಂದು ಕೂಗಿನ ದೂರದಲ್ಲಿ ಕಲ್ಯಾಣಪುರದ ಮಿಲಾಗ್ರಿಸ್ ಉಂಟು. ನಮ್ಮ ನೆರೆಮನೆಯ ಬಾಯಮ್ಮನವರ ಮಗ ಪ್ರತಿ ಶನಿವಾರ ಸಂಜೆ ಕ್ವಾಯರಿಗೆ ಅಭ್ಯಾಸ ಮಾಡುವಾಗ ನಾವು ಗದ್ದೆಯ ಹುಣಿಯಲ್ಲಿ ನಿಂತು ಕೇಳ್ತಿದ್ದೆವು. ರೋಸಿನ ರಾತ್ರಿ ವಿಲ್ಫಿ ರೆಬಿಂಬಸರ ಕೊಂಕಣಿ ಹಾಡುಗಳು. ಮಳೆಗಾಲದಲ್ಲಿ ತಂತಿಗೆ ತುಕ್ಕು ಹಿಡಿದು, ಮರದ ಕುತ್ತಿಗೆ ಸ್ವಲ್ಪ ಬಾಗಿ, ಶ್ರುತಿ ನಿಲ್ಲದೆ ಅವನು ಬೈಯುವುದನ್ನೂ ಕೇಳಿದ್ದೇವೆ. ಗಿಟಾರು ನಮಗೆ ಹೊಸತಲ್ಲ. ಆ ಗಿಟಾರಿಗೆ ಕರೆಂಟ್ ಕೊಟ್ಟು, 'ಇದು ನನ್ನದೇ ಹಾಡು, ಕೇಳಿ' ಅನ್ನುವುದು ಹೊಸತು.

ಆ ಮಾತಿನ ಬೆಲೆ ಗೊತ್ತಾಗಬೇಕಾದರೆ ನಮ್ಮ ಜಾತ್ರೆಯ ಆರ್ಕೆಸ್ಟ್ರಾ ನೆನಪು ಮಾಡಿಕೊಳ್ಳಿ. ರಾಜ್‌ಕುಮಾರ್ ಹಾಡು ಹೇಳಿದರೆ ಸೀಟಿ, ಹಂಸಲೇಖ ಹಾಡು ಹೇಳಿದರೆ ಇನ್ನೊಂದು ಸೀಟಿ. ಗಾಯಕ ಪಾಪ ಮೈಕಿನಲ್ಲಿ 'ಈಗ ನಾನೇ ಬರೆದ ಒಂದು ಹಾಡು' ಅಂದರೆ ಜನ ಚರ್ಮುರಿ ತಿನ್ನಲಿಕ್ಕೆ ಎದ್ದು ಹೋಗ್ತಾರೆ. ಬೆಂಗಳೂರಿನ ಪಬ್ಬುಗಳಲ್ಲೂ ಕತೆ ಇದೇ, ಬಿಲ್ಲು ಮಾತ್ರ ಜಾಸ್ತಿ. ಅಲ್ಲಿ ರಾಜ್‌ಕುಮಾರರ ಜಾಗದಲ್ಲಿ ಪಿಂಕ್ ಫ್ಲಾಯ್ಡ್, ಮೆಟಾಲಿಕಾ. 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಜನಸಾಗರವೇ ಸೇರಿತು. ಅದೇ ಊರಿನಲ್ಲಿ ಸ್ವಂತ ಹಾಡು ಬಾರಿಸುವವನಿಗೆ ಕೆಳಗಿನಿಂದ ಕೇಳಿಬರುವ ಬೇಡಿಕೆ ಇನ್ಯಾರದ್ದೋ ಹಾಡಿಗೆ. ಮಣಿ ಮತ್ತು ಗೆಳೆಯರು ಸ್ವಂತ ಹಾಡು ಬಿಡಲಿಲ್ಲ. 2000ದಿಂದ 2020ರ 'ಎ ವರ್ಲ್ಡ್ ಗಾನ್ ಮ್ಯಾಡ್' ತನಕ ಆಲ್ಬಮ್ ಮೇಲೆ ಆಲ್ಬಮ್. ಡೀಪ್ ಪರ್ಪಲ್, ಜೆಥ್ರೊ ಟಲ್ ತಂಡಗಳಿಗಿಂತ ಮೊದಲು ವೇದಿಕೆ ಹತ್ತಿದಾಗಲೂ ಇವರು ಬಾರಿಸುವುದು ಇವರದ್ದನ್ನೇ. ನನಗೆ ಇವರ ಎಲ್ಲ ಹಾಡು ಇಷ್ಟ ಅಂತಲ್ಲ. ಕೆಲವು ಹಾಡುಗಳಲ್ಲಿ ಲೆಕ್ಕಾಚಾರ ಹೆಚ್ಚಾಗಿ, ನಮ್ಮ ಆಫೀಸಿನ ಕೆಲವರ ಕೋಡಿನ ಹಾಗೆ, ಬುದ್ಧಿವಂತಿಕೆ ಮಾತ್ರ ಕಾಣಿಸ್ತದೆ.

ಈಗ ಗಿಟಾರಿಗೆ ಬರೋಣ. ಎಲೆಕ್ಟ್ರಿಕ್ ಗಿಟಾರಿನ ತಂತಿಯ ಕೆಳಗೆ ಪಿಕಪ್ ಅಂತ ಒಂದು ಭಾಗ: ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಉಕ್ಕಿನ ತಂತಿ ನಡುಗಿದಾಗ ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡ್ತದೆ. ಒಂದೇ ಸುರುಳಿ ಇದ್ದರೆ ಗೋಡೆಯೊಳಗಿನ ವಯರಿಂಗಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯೂ ಒಳಗೆ ಬರ್ತದೆ. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿಗೆ ಜೋಡಿಸಿದರೆ ಆ ಗುಂಯ್ ಪರಸ್ಪರ ಹೊಡೆದುಹೋಗಿ ಹಾಡು ಉಳೀತದೆ. ಹಂಬಕರ್ ಅಂತ ಹೆಸರು, 1950ರ ದಶಕದ ಉಪಾಯ. ಆಂಪ್ಲಿಫೈಯರಿಗೆ ಅದರ ಶಕ್ತಿ ಮೀರಿ ಸದ್ದು ಕೊಟ್ಟರೆ ಅಲೆಯ ತಲೆ ಕತ್ತರಿಸಿಹೋಗಿ ಬರುವ ಒರಟು ಗರ್ಜನೆಗೆ ಡಿಸ್ಟಾರ್ಷನ್ ಅನ್ನುತ್ತಾರೆ. ರಾಕ್ ಅಂದರೆ ಜನ ತಿಳಿದದ್ದು ಈ ಗರ್ಜನೆಯನ್ನೇ. ಅದರ ಒಂದು ಗುಟ್ಟು ಏನೆಂದರೆ, ಬೆರಳಿನ ಅರ್ಧ ತಪ್ಪು ಅದರೊಳಗೆ ಮುಚ್ಚಿಹೋಗ್ತದೆ.

ಮಣಿ ಹೆಚ್ಚಿನ ಹಾಡುಗಳಲ್ಲಿ ಆ ಹೊದಿಕೆ ತೆಳ್ಳಗೆ ಮಾತ್ರ ಹೊದೆಯುವುದು. ಸ್ವರ ಸ್ವಚ್ಛ, ಒಂದೊಂದು ತಂತಿ ಬೇರೆ ಬೇರೆ ಕೇಳಿಸ್ತದೆ. ಬ್ಲೂಸಿನ ಎಳೆತ, ಜಾಜಿನ ತಿರುವು ಮುರುವಿನ ಕಾರ್ಡುಗಳು, ಫಂಕಿನ ಕತ್ತರಿ ಹೊಡೆತ ಎಲ್ಲ ಒಂದೇ ಕೈಯಲ್ಲಿ. ಬಹಳ ವರ್ಷ ಮೂವರದ್ದೇ ತಂಡ ಇದು. ಇನ್ನೊಬ್ಬ ಗಿಟಾರಿನವನೂ ಇಲ್ಲ, ಕೀಬೋರ್ಡೂ ಇಲ್ಲ. ನಡುವಿನ ಖಾಲಿ ಜಾಗವನ್ನು ತುಂಬುವವನೂ, ಮುಂದೆ ನಿಂತು ಹಾಡುವವನೂ ಒಬ್ಬನೇ. ಇದು ಎಷ್ಟು ಕಷ್ಟ ಅಂತ ಯಕ್ಷಗಾನ ನೋಡಿದವರಿಗೆ ನಾನು ವಿವರಿಸಬೇಕಾಗಿಲ್ಲ. ನಮ್ಮ ಹಿಮ್ಮೇಳದಲ್ಲೂ ಭಾಗವತರು, ಮದ್ದಳೆ, ಚೆಂಡೆ ಅಂತ ಮೂರೇ ಜನ. ಪದ ಹೇಳುವ ಭಾಗವತರ ಕೈಯಲ್ಲೇ ಜಾಗಟೆ, ಇಡೀ ಆಟದ ಲಗಾಮು. ಮಣಿಯ ಗಿಟಾರಿಗೆ ನಾನು ಕೊಡಬಹುದಾದ ದೊಡ್ಡ ಮೆಚ್ಚುಗೆ ಅಂದರೆ, ಅದು ಜಾಗಟೆಯ ಕೆಲಸವನ್ನೂ ಮಾಡ್ತದೆ. ತಾಳ ಏಳಕ್ಕೋ ಐದಕ್ಕೋ ಜಾರಿದಾಗಲೂ ಕುಳಿತಲ್ಲಿ ಕಾಲು ತಟ್ಟುವವನಿಗೆ ದಾರಿ ತಪ್ಪುವುದಿಲ್ಲ. ಈ ಶೈಲಿಗೆ ಅವರು ಇಟ್ಟ ಹೆಸರು 'ಬ್ಯಾಂಗಲೋರ್ ರಾಕ್'.

ಅಲ್ಲಿಂದಲೇ ನನ್ನ ಜಗಳ ಶುರು. ಬೆಂಗಳೂರಿನ ರಾಕಿನಲ್ಲಿ ಬೆಂಗಳೂರು ಎಷ್ಟುಂಟು?

2012ರಲ್ಲಿ ಬಂದ 'ಥ್ರೀ ವೀಲ್ಸ್ ನೈನ್ ಲೈವ್ಸ್' ಮೂರು ಸಿಡಿಗಳ ದೊಡ್ಡ ಆಲ್ಬಮ್. ಮೂರು ಚಕ್ರ ಅಂದರೆ ಆಟೋರಿಕ್ಷಾ. ಅದರಲ್ಲಿ 'ಮೀಟರ್ ಮೇಲೆ ಒನ್ ಅಂಡ್ ಎ ಹಾಫ್' ಅಂತ ಒಂದು ಹಾಡು. ಹೆಸರಿನಲ್ಲೇ ಕನ್ನಡ ಬಂತು, ನಾನು ಖುಷಿಪಟ್ಟೆ. ಬೆಂಗಳೂರಿನಲ್ಲಿ ರಾತ್ರಿ ಹತ್ತರ ನಂತರ ಒಂದೂವರೆ ಪಟ್ಟು ಬಾಡಿಗೆ ಅಧಿಕೃತವೇ; ಕಾರ್ಯಕ್ರಮ ಮುಗಿಸಿ ಗಿಟಾರು ಹೊತ್ತು ಮನೆಗೆ ಹೋಗುವ ಸಂಗೀತಗಾರನಿಗೆ ಇದಕ್ಕಿಂತ ಪರಿಚಿತ ಕನ್ನಡ ವಾಕ್ಯ ಇನ್ನೊಂದು ಇರಲಿಕ್ಕಿಲ್ಲ. ಹಾಡು ಚುರುಕಾಗಿದೆ. ಗಿಟಾರಿನ ಕುಲುಕಾಟದಲ್ಲಿ ಹೊಂಡ ತಪ್ಪಿಸುವ ಆಟೋವೇ ಕಾಣಿಸ್ತದೆ. ಆದರೆ ಎರಡನೇ ಸಲ ಕೇಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು. ಈ ಸಂಗೀತಕ್ಕೆ ಕನ್ನಡ ಬಂದು ಮುಟ್ಟಿದ್ದು ಚೌಕಾಸಿಯ ಭಾಷೆಯಾಗಿ. ಚಾಲಕನ ಬಾಯಿಂದ ಬಾಡಿಗೆ ಬರ್ತದೆ, ಅವನ ಊರು ಬರುವುದಿಲ್ಲ, ಅವನ ಮನೆ ಬರುವುದಿಲ್ಲ. ಮಂಡ್ಯದಿಂದಲೋ ಕುಣಿಗಲ್ಲಿಂದಲೋ ಬಂದು ಆಟೋ ಹಿಡಿದವನಿಗೂ ಆ ರಾತ್ರಿ ಒಂದು ಹಾಡು ಇದ್ದಿರಬೇಕಲ್ಲ?

ಹಾಗಂತ 'ಇವರು ಕನ್ನಡದಲ್ಲೇ ಹಾಡಬೇಕಿತ್ತು' ಅಂತ ಕೂಗುವವರ ಜೊತೆಗೂ ನಾನಿಲ್ಲ. ಕಾರಣ ಸರಳ. ನನ್ನ ಮನೆಮಾತು ತುಳು. ಕನ್ನಡ ನನಗೆ ಸಿಕ್ಕಿದ್ದು ಶಾಲೆಯಲ್ಲಿ, ಯಕ್ಷಗಾನದಲ್ಲಿ. ಅಮ್ಮ ನನ್ನನ್ನು ಬೈದದ್ದು ಕನ್ನಡದಲ್ಲಿ ಅಲ್ಲ. ಹಗಲು ಪೂರ್ತಿ ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಕೋಡು ಬರೆದು ಸಂಬಳ ಎಣಿಸ್ತೇನೆ, ಯಾಕೆ ಕನ್ನಡದಲ್ಲಿ ಬರೆಯಲಿಲ್ಲ ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ. ದಂಡಿನ ಪ್ರದೇಶದ ಬೆಂಗಳೂರಿನಲ್ಲಿ ತಲೆಮಾರುಗಳಿಂದ ಇಂಗ್ಲಿಷ್, ತಮಿಳು, ಉರ್ದು, ಮಲಯಾಳ ಬೆರೆತೇ ಇದ್ದದ್ದು. ಅಂಥ ಊರಿನ ಮಲಯಾಳಿ ಹುಡುಗನಿಗೆ ಇಂಗ್ಲಿಷ್ ಹಾಡು ಬಂದರೆ ಅದು ಅವನಿಗೆ ನಿಜವಾದದ್ದು. ಬಲವಂತಕ್ಕೆ ಕನ್ನಡ ಹಾಡಿದ್ದರೆ ಅದು ರಾಜ್ಯೋತ್ಸವದ ಭಾಷಣದ ಹಾಗೆ ಆಗ್ತಿತ್ತು.

ಇನ್ನೊಂದು ದಾರಿಯೂ ಇತ್ತು. ಮೈಸೂರಿನ ರಘು ದೀಕ್ಷಿತ್ ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರಿಗೆ ಹಾಕಿದರು, ಪಂಚೆ ಉಟ್ಟು ಗೆಜ್ಜೆ ಕಟ್ಟಿ ಲೋಕ ತಿರುಗಿದರು, 2011ರಲ್ಲಿ ಗ್ಲಾಸ್ಟನ್‌ಬರಿಯಲ್ಲೂ ಹಾಡಿದರು. ಕನ್ನಡದ ಕಿವಿಗೆ ಅದು ಹತ್ತಿರ, ನನಗೂ ಹತ್ತಿರ. ಆದರೆ ವಿದೇಶಿ ವೇದಿಕೆಗೆ ನಮ್ಮಿಂದ ಬೇಕಾದದ್ದು ಬಣ್ಣ, ಗೆಜ್ಜೆ, ಸೂಫಿ ಎಂಬುದೂ ಸುಳ್ಳಲ್ಲ. ಜೀನ್ಸ್ ಹಾಕಿ, ಇಂಗ್ಲಿಷಿನಲ್ಲಿ ಹಾಡಿ, ಜಾಜ್ ಕಾರ್ಡು ಹಿಡಿಯುವ ಬೆಂಗಳೂರಿನವನನ್ನು ಅವರು ಯಾವ ಪೆಟ್ಟಿಗೆಗೆ ಹಾಕಬೇಕು? ಇಲ್ಲಿ ಅವನು ಸಾಕಷ್ಟು ಕನ್ನಡದವನಲ್ಲ, ಅಲ್ಲಿ ಸಾಕಷ್ಟು ಭಾರತದವನಲ್ಲ. ಎರಡೂ ಕಡೆ ಮೀಟರ್ ಮೇಲೆ ಒಂದೂವರೆ ಕೊಡುವುದು ಅವನೇ.

ಈ ಒಂದೂವರೆಯ ಲೆಕ್ಕದಲ್ಲಿ ಸರಕಾರದ ಪಾಲೂ ಉಂಟು. ಡ್ಯಾನ್ಸ್ ಬಾರುಗಳನ್ನು ಹಿಡಿತಕ್ಕೆ ತರಲು ಬೆಂಗಳೂರಿನಲ್ಲಿ 2005ರಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಬಗ್ಗೆ ಒಂದು ಆದೇಶ ಬಂತು. 2008ರ ಹೊತ್ತಿಗೆ ಪೊಲೀಸರು ಅದನ್ನೇ ಬೀಸಿದಾಗ ಪೆಟ್ಟು ಬಿದ್ದದ್ದು ಊಟದ ಜಾಗದ ಮೂಲೆಯಲ್ಲಿ ಗಿಟಾರು ಬಾರಿಸುವವನಿಗೂ. ಕಾನೂನಿನ ಕಣ್ಣಿಗೆ 'ಲೈವ್ ಬ್ಯಾಂಡ್' ಎಂಬ ಎರಡು ಶಬ್ದ ಒಂದೇ ಥರ ಕಂಡಿತು. ಹಾಡುಗಾರನ ಹೊಟ್ಟೆಪಾಡು ಪರವಾನಗಿಯ ಕಾಗದದಲ್ಲಿ ಸಿಕ್ಕಿಬಿದ್ದಾಗ ಆ ಹಾಡು ಯಾವ ಭಾಷೆಯದ್ದು ಅಂತ ಯಾರೂ ಕೇಳುವುದಿಲ್ಲ, ನೋಡಿ.

ಮಣಿ ಮತ್ತು ತಂಡದವರ ಸಾಮಾಜಿಕ ಕೆಲಸದ ಬಗ್ಗೆ ಹೊಗಳುವ ಲೇಖನಗಳೇ ಜಾಸ್ತಿ. 2009ರ ಲೋಕಸಭಾ ಚುನಾವಣೆಯ ಹೊತ್ತಿಗೆ 'ಶಟ್ ಅಪ್ ಅಂಡ್ ವೋಟ್' ಅಂತ ಯುವಕರನ್ನು ಮತಗಟ್ಟೆಗೆ ಕರೆಯುವ ಅಭಿಯಾನ ಮಾಡಿದರು. ಉದ್ದೇಶ ಒಳ್ಳೆಯದು, ಘೋಷಣೆ ನನಗೆ ಹಿಡಿಸಲಿಲ್ಲ. ಬಾಯಿ ಮುಚ್ಚಿ ಓಟು ಹಾಕು ಅಂತ ನಮ್ಮ ಕಡೆ ಹೇಳುವವರು ಬೇರೆಯೇ ಇದ್ದಾರೆ ಮಾರಾಯ್ರೆ, ಅವರ ಕೈಯಲ್ಲಿ ಗಿಟಾರು ಇರುವುದಿಲ್ಲ. 2013ರಲ್ಲಿ ಕಾಬೂಲಿಗೆ ಹೋಗಿ ಅಲ್ಲಿನ ಸೌಂಡ್ ಸೆಂಟ್ರಲ್ ಉತ್ಸವದಲ್ಲಿ ಬಾರಿಸಿದ್ದು ಇನ್ನೊಂದು ತೂಕದ ವಿಷಯ. ಸಂಗೀತವೇ ನಿಷಿದ್ಧವಾಗಿದ್ದ ಕಾಲ ಕಂಡ ಊರು ಅದು, 2021ರ ನಂತರ ಮತ್ತೆ ಅದೇ ಸ್ಥಿತಿಗೆ ಹೋಯಿತು. ಅಲ್ಲಿ ಆಂಪ್ಲಿಫೈಯರಿನ ಪ್ಲಗ್ ಚುಚ್ಚುವುದಕ್ಕೇ ಒಂದು ಅರ್ಥ ಇತ್ತು.

ನನ್ನ ಪ್ರಕಾರ ಇವರ ನಿಜವಾದ ಕೆಲಸ ಅಷ್ಟು ಸದ್ದು ಮಾಡದ ಒಂದು. 2010ರಲ್ಲಿ ಶುರು ಮಾಡಿದ ಸಂಗೀತ ಶಾಲೆ, ಟಾಕಾಡೆಮಿ. ಹೆಸರನ್ನು ನೋಡಿದರೆ ಮತ್ತೆ ಶ್ಲೇಷೆ, ಆ ಚಟ ಇವರಿಗೆ ಬಿಡುವುದಿಲ್ಲ. ಮೊದಲಿನ ತಲೆಮಾರಿನ ಗಿಟಾರಿನವರು ಕಲಿತದ್ದು ಕ್ಯಾಸೆಟನ್ನು ಹಿಂದೆ ಮುಂದೆ ತಿರುಗಿಸಿ, ಒಂದೇ ಸಾಲನ್ನು ಇಪ್ಪತ್ತು ಸಲ ಕೇಳಿ. ಕಲಿತದ್ದನ್ನು ಇನ್ನೊಬ್ಬನಿಗೆ ಹೇಳಿಕೊಡುವ ಪದ್ಧತಿಯೇ ಇರಲಿಲ್ಲ. ಚೆಂಡೆ ಕಲಿಸಲು ನಮ್ಮಲ್ಲಿ ಕೇಂದ್ರಗಳಿವೆ, ಗುರುಗಳಿದ್ದಾರೆ, ಹಾಗಾಗಿ ಚೆಂಡೆ ಉಳಿದಿದೆ. ರಾಕಿಗೆ ಅದು ಇರಲಿಲ್ಲ. ವಾರಾಂತ್ಯದ ಕಾರ್ಯಕ್ರಮದಲ್ಲಿ ಮಿಂಚಿ, ಮದುವೆಯಾದ ಮೇಲೆ ಗಿಟಾರನ್ನು ಅಟ್ಟಕ್ಕೆ ಹಾಕಿದ ಎಷ್ಟು ಜನ ನನ್ನ ಆಫೀಸಿನಲ್ಲೇ ಇದ್ದಾರೆ! ಊರೂರು ತಿರುಗಿ ಬಾರಿಸುವವನೊಬ್ಬ ವಾರದ ನಡುವೆ ಮಕ್ಕಳಿಗೆ ಸ್ಕೇಲು ಹೇಳಿಕೊಡ್ತಾನೆ ಅಂದರೆ ಅದು ಹೊಟ್ಟೆಪಾಡೂ ಹೌದು, ಪರಂಪರೆಯೂ ಹೌದು. ಎರಡನ್ನೂ ಬೇರೆ ಮಾಡಬೇಕಾಗಿಲ್ಲ.

ಹೊಸದಾಗಿ ಕೇಳುವವರು ಮೊದಲು 'ಮೀಟರ್ ಮೇಲೆ' ಕೇಳಿ. ಮೊಬೈಲಿನ ಸ್ಪೀಕರಿನಲ್ಲಿ ಬೇಡ, ಬೇಸ್ ಸತ್ತುಹೋಗ್ತದೆ; ಇಯರ್‌ಫೋನ್ ಹಾಕಿ. ಮೊದಲ ಸಲ ಮಾತನ್ನು ಬಿಟ್ಟು ಬರೀ ಗಿಟಾರನ್ನು ಹಿಂಬಾಲಿಸಿ, ಎರಡನೇ ಸಲ ರಾಜೀವ್ ಅವರ ಬಲಗೈಯನ್ನು. ಆಮೇಲೆ 2020ರ ಆಲ್ಬಮ್. ಅಲ್ಲಿ ಸ್ವರಕ್ಕೆ ವಯಸ್ಸಾಗಿದೆ, ತಮಾಷೆ ಕಡಿಮೆ, ಸಿಟ್ಟು ಜಾಸ್ತಿ. ಆಟೋದವನ ಕಡೆಯ ಹಾಡು ಮಾತ್ರ ಇನ್ನೂ ಬಂದಿಲ್ಲ. ಅದನ್ನು ಮಣಿಯೇ ಬರೆಯಬೇಕು ಅಂತ ನಾನು ಹೇಳುವುದಿಲ್ಲ. ಟಾಕಾಡೆಮಿಯಲ್ಲಿ ಕಲಿಯುವವರಲ್ಲಿ ಯಾರಾದರೂ ಒಬ್ಬಳು ಆಟೋದವರ ಮಗಳು ಇದ್ದಿರಬಹುದು. ಆಕೆ ಯಾವ ಭಾಷೆಯಲ್ಲಿ ಬರೆದರೂ ನಾನು ದುಡ್ಡು ಕೊಟ್ಟೇ ಕೇಳ್ತೇನೆ, ಒಂದೂವರೆಯಾದರೂ ಸರಿ.