ಬ್ರೂಸ್ ಶ್ನಾಯರ್ ಅವರ ಗ್ರಂಥಗಳು

ಗೂಢಲಿಪಿಯು ಭಾರತೀಯರಿಗೆ ಹೊಸದಲ್ಲ. ಕಾಮಸೂತ್ರವು ಹೇಳುವ ಅರುವತ್ತುನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವೆಂಬುದೂ ಒಂದು. ಆದರೆ ಆ ಕಲೆಯು ಬಲ್ಲವರ ಸೊತ್ತಾಗಿದ್ದಿತು. ಇಂದಾದರೋ ಹಣಕಾಸು, ಪತ್ರವ್ಯವಹಾರ, ಮನೆಯ ಗುಟ್ಟು ಎಲ್ಲವೂ ಗಣಕಯಂತ್ರದ ವಶವಾಗಿರುವುದರಿಂದ, ಗೂಢಲಿಪಿಯ ಹೆಸರನ್ನೇ ಕೇಳದ ಗೃಹಸ್ಥನೂ ಅದರ ಆಶ್ರಯದಲ್ಲಿಯೇ ಬಾಳಬೇಕಾಗಿದೆ. ಇಂಥವನಿಗೆ ಸೈಬರ್ ರಕ್ಷಣೆಯ ಶಾಸ್ತ್ರವನ್ನು ತಿಳಿಯಹೇಳುವ ಕಾರ್ಯವನ್ನು ಅಮೆರಿಕದ ಬ್ರೂಸ್ ಶ್ನಾಯರ್ ಅವರು ಕಾಲು ಶತಮಾನಕ್ಕೂ ಮಿಗಿಲಾಗಿ ನಡೆಯಿಸಿಕೊಂಡು ಬಂದಿರುವರು. 1998ರಲ್ಲಿ ಅವರು ಆರಂಭಿಸಿದ ‘ಕ್ರಿಪ್ಟೋ-ಗ್ರಾಮ್’ ಎಂಬ ಮಾಸಪತ್ರವೇ ಇದಕ್ಕೆ ಸಾಕ್ಷಿ.

ಶ್ನಾಯರ್ ಅವರು ಮೊದಲು ಗೂಢಲಿಪಿಯ ನಿರ್ಮಾಪಕರು. 1993ರ ‘ಬ್ಲೋಫಿಶ್’ ಅವರದೇ ರಚನೆ. 1994ರ ‘ಅಪ್ಲೈಡ್ ಕ್ರಿಪ್ಟಾಗ್ರಫಿ’ಯು ಯಂತ್ರಜ್ಞರ ಕೈಪಿಡಿ; ಗಣಿತವು ಸರಿಯಿದ್ದರೆ ರಹಸ್ಯಕ್ಕೆ ಭಂಗವಿಲ್ಲವೆಂಬ ಧೈರ್ಯವೇ ಅದರ ಉಸಿರು. 2000ದಲ್ಲಿ ಪ್ರಕಟವಾದ ‘ಸೀಕ್ರೆಟ್ಸ್ ಅಂಡ್ ಲೈಸ್’ನ ಪೀಠಿಕೆಯಲ್ಲಿ ಆ ಧೈರ್ಯವನ್ನು ಅವರೇ ಕೈಬಿಟ್ಟಿರುವರು. ಸಂಕೇತವನ್ನು ಭೇದಿಸುವ ಕಷ್ಟವನ್ನು ಕಳ್ಳನು ಏಕೆ ಪಟ್ಟಾನು? ಅದನ್ನು ಬಳಸುವ ಮನುಷ್ಯನನ್ನು ನಂಬಿಸಿದರೆ ಸಾಕಲ್ಲವೆ? ಅಲ್ಲಿಂದ ಮುಂದೆ ಅವರ ಲೇಖನಿಯು ಬೀಗವನ್ನು ಬಿಟ್ಟು ಮನೆಯನ್ನು ನೋಡತೊಡಗಿತು.

ಈ ದೃಷ್ಟಿಯ ಪಕ್ವಫಲವು 2003ರ ‘ಬಿಯಾಂಡ್ ಫಿಯರ್’. 2001ರ ಸೆಪ್ಟೆಂಬರ್ ತಿಂಗಳ ಉತ್ಪಾತದಿಂದ ಅಮೆರಿಕವು ತತ್ತರಿಸುತ್ತಿದ್ದಾಗ ಹುಟ್ಟಿದ ಗ್ರಂಥವಾದರೂ ಇದರಲ್ಲಿ ಕೂಗಾಟವಿಲ್ಲ. ಯಾವ ರಕ್ಷಣೋಪಾಯವು ಎದುರಾದರೂ ಐದು ಪ್ರಶ್ನೆಗಳನ್ನು ಕೇಳಬೇಕೆನ್ನುತ್ತಾರೆ: ಕಾಪಾಡಬೇಕಾದುದೇನು, ಅದಕ್ಕಿರುವ ಅಪಾಯಗಳೇನು, ಈ ಉಪಾಯವು ಅವನ್ನು ಎಷ್ಟರಮಟ್ಟಿಗೆ ತಗ್ಗಿಸೀತು, ಬೇರಾವ ಅಪಾಯಗಳನ್ನು ತಂದೀತು, ಅದಕ್ಕಾಗಿ ತೆರಬೇಕಾದ ಬೆಲೆಯೇನು. ಪೂರ್ವಪಕ್ಷವನ್ನು ಆಲಿಸದೆ ಸಿದ್ಧಾಂತಕ್ಕೆ ಕೈಹಾಕದ ಶಾಸ್ತ್ರಿಗಳ ಸಂಯಮವು ಇಲ್ಲಿ ಕಾಣುತ್ತದೆ. ಭಯವನ್ನು ಮಾತ್ರ ತಣಿಸಿ ಅಪಾಯವನ್ನು ತಗ್ಗಿಸದ ಏರ್ಪಾಡುಗಳಿಗೆ ‘ರಕ್ಷಣಾನಾಟಕ’ವೆಂಬ ಅರ್ಥದ ಹೆಸರನ್ನು ಬಳಕೆಗೆ ತಂದವರೂ ಇವರೇ. ಹಾಗೆಂದು ನಾಟಕವನ್ನೆಲ್ಲ ಹಳಿದವರಲ್ಲ. ಶಿಶುಹರಣವು ಬಹು ವಿರಳವಾದರೂ, ಆಸ್ಪತ್ರೆಯಲ್ಲಿ ಹಸುಗೂಸಿಗೆ ಕಟ್ಟುವ ಎಚ್ಚರಿಕೆಯ ಪಟ್ಟಿಯು ತಾಯಿತಂದೆಯರಿಗೆ ನೆಮ್ಮದಿ ತರುವುದರಿಂದ ವ್ಯರ್ಥವಲ್ಲವೆಂದು 2007ರಲ್ಲಿ ಬರೆದಿರುವರು. ಸ್ವಂತ ಮಾತಿಗೂ ಅಪವಾದವನ್ನು ಕಾಣಬಲ್ಲ ಈ ಗುಣವು ಜನಪ್ರಿಯ ಲೇಖಕರಲ್ಲಿ ದುರ್ಲಭ.

ಮುಂದಿನ ಗ್ರಂಥಗಳ ವಿಷಯ ಬೇರೆ. 2015ರ ‘ಡೇಟಾ ಅಂಡ್ ಗೋಲಾಯತ್’ದಲ್ಲಿ ದೊಡ್ಡ ವ್ಯಾಪಾರಸಂಸ್ಥೆಗಳನ್ನು ಪಾಳೆಯಗಾರರಿಗೂ ಬಳಕೆದಾರರನ್ನು ಅವರ ಒಕ್ಕಲಿಗೂ ಹೋಲಿಸಿರುವುದು ಸೊಗಸಾಗಿದೆ. 2018ರ ಗ್ರಂಥದ ‘ಕ್ಲಿಕ್ ಹಿಯರ್ ಟು ಕಿಲ್ ಎವ್ರಿಬಡಿ’ ಎಂಬ ಹೆಸರಾದರೋ ಸಂತೆಯ ಡಂಗುರದಂತಿದೆ. ಹಿಂದೆ ಭಯವನ್ನು ಮೀರಿರೆಂದವರಿಗೆ ಇದು ಒಪ್ಪುವುದಿಲ್ಲ. ಒಳಗಿನ ವಿಷಯವು ಮಾತ್ರ ಗಟ್ಟಿಯಾದುದು. 2015ರಲ್ಲಿ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಕಾರನ್ನು ದೂರದಿಂದಲೇ ವಶಪಡಿಸಿಕೊಂಡು ತೋರಿಸಿದರು. ತರುವಾಯ ಸುಮಾರು 14 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಿಸಬೇಕಾಯಿತು. ಯಂತ್ರಗಳೆಲ್ಲ ಗಣಕಗಳಾದ ಮೇಲೆ ಸರ್ಕಾರದ ಕಟ್ಟಳೆಯಿಲ್ಲದೆ ರಕ್ಷಣೆಯಿಲ್ಲವೆಂಬುದು ಗ್ರಂಥದ ತಾತ್ಪರ್ಯ.

ತಾತ್ಪರ್ಯವು ಒಪ್ಪತಕ್ಕುದೇ. ಆದರೆ ದೃಷ್ಟಿಯು ಮನೆಯಿಂದ ರಾಜ್ಯಕ್ಕೆ ಹಿಗ್ಗುತ್ತ ಹೋದಂತೆಲ್ಲ ಗೃಹಸ್ಥನು ಪುಟಗಳಿಂದ ಮರೆಯಾಗುತ್ತ ಬಂದಿರುವನು. ಬಳಸುವವನನ್ನು ತಿದ್ದಲು ಹೊರಡಬೇಡಿರಿ, ವ್ಯವಸ್ಥೆಯನ್ನೇ ತಿದ್ದಿರಿ ಎಂದು 2016ರಲ್ಲಿ ಇವರು ವಾದಿಸಿದರು. ಮೋಸಹೋದವರನ್ನೇ ದಡ್ಡರೆಂದು ಜರೆಯುವ ಕಾಲದಲ್ಲಿ ಇದು ಕರುಣೆಯ ಮಾತು. ಆದರೆ ವ್ಯವಸ್ಥೆಯು ತಿದ್ದುಪಡಿಯಾಗುವವರೆಗೆ ಕಾಯಲು ಕಳ್ಳನಿಗೆ ತಾಳ್ಮೆಯಿಲ್ಲ. ಪೊಲೀಸು ಅಧಿಕಾರಿಯೆಂದು ಹೇಳಿಕೊಂಡು ದೂರವಾಣಿಯಲ್ಲಿ ಗದರಿಸುವವನ ಮುಂದೆ, ಪಿಂಚಣಿಯ ಹಣವೊಂದೇ ಆಧಾರವಾಗಿರುವ ಮುದುಕಿಯು ಆ ಕ್ಷಣದಲ್ಲಿ ಮಾಡಬೇಕಾದುದೇನು? ಕಟ್ಟಳೆಯ ಚರ್ಚೆಯಿಂದ ಅವಳಿಗೆ ಉತ್ತರ ಸಿಕ್ಕದು.

ಆಶ್ಚರ್ಯವೆಂದರೆ, ಉತ್ತರದ ಬೀಜವು 2003ರ ಗ್ರಂಥದಲ್ಲಿಯೇ ಇದೆ. ಆ ಐದು ಪ್ರಶ್ನೆಗಳಲ್ಲಿ ಮೊದಲೆರಡನ್ನು ಕೇಳಿಕೊಳ್ಳುವಷ್ಟು ಹೊತ್ತು ಅವಳು ದೂರವಾಣಿಯನ್ನು ಕೆಳಗಿಟ್ಟರೂ ಕಳ್ಳನ ಕೈ ಸಡಿಲಿಸುತ್ತದೆ. ಆದಕಾರಣ ಶ್ನಾಯರ್ ಅವರನ್ನು ಓದಲೆಳಸುವವರು ಇತ್ತೀಚಿನ ಗ್ರಂಥಗಳನ್ನು ಬದಿಗಿರಿಸಿ ‘ಬಿಯಾಂಡ್ ಫಿಯರ್’ನಿಂದ ಆರಂಭಿಸುವುದು ಲೇಸು, ಯಂತ್ರಶಾಸ್ತ್ರದ ಪರಿಚಯವಿಲ್ಲದವರಿಗೂ ಅದರಲ್ಲಿ ತೊಡಕೆನಿಸುವ ಪುಟಗಳು ಕಡಿಮೆ.